ಸತ್ತ ಪುಡಿ, ಬದುಕಿದ ಪುಡಿ: ಈರುಳ್ಳಿ ಹೊಲಕ್ಕೆ ಸೂಡೊಮೊನಾಸ್ ಹಾಕಿದ ಕಥೆ

ಕೊನೆಯ ಲೋಡು ಹೋದ ವಾರ ಯಶವಂತಪುರಕ್ಕೆ ಹೋಯಿತು. ಹೊಲದಲ್ಲಿ ಈಗ ಒಣಗಿದ ಎಲೆ ಬಿಟ್ಟರೆ ಏನೂ ಇಲ್ಲ. ಈರುಳ್ಳಿ ಬುಡ ಕೊಳೆಯದಿರಲಿ ಅಂತ ಸೂಡೊಮೊನಾಸ್ ಅನ್ನುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ ಹಾಕಿದ್ದನ್ನು ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಮೇ ತಿಂಗಳಲ್ಲಿ ಯಾರಾದರೂ ನನಗೆ ಇಷ್ಟು ಹೇಳಿದ್ದರೆ ಮೂರು ವಾರದ ಅಲೆದಾಟ ತಪ್ಪುತ್ತಿತ್ತು.

ನಮ್ಮದು ಹಿರಿಯೂರು ತಾಲ್ಲೂಕು, ಐಮಂಗಲದ ಕಡೆ. ಕೆಂಪು ಮಣ್ಣು. ಎರಡು ಎಕರೆ ಈರುಳ್ಳಿ. ಒಂದು ಬೋರು ಇದೆ, ಮನಸ್ಸು ಬಂದರೆ ಒಂದೂವರೆ ಇಂಚು ನೀರು ಕೊಡುತ್ತದೆ.

ಕಥೆ ಶುರುವಾಗಿದ್ದು 2022ರಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, ಕೋಡಿ ಬಿತ್ತು. 1933ರ ನಂತರ ಮೊದಲ ಸಲ, ಅಂದರೆ 89 ವರ್ಷಕ್ಕೆ. ಊರಿಗೆ ಊರೇ ಟ್ರ್ಯಾಕ್ಟರ್ ಕಟ್ಟಿಕೊಂಡು ಮಾರಿಕಣಿವೆ ನೋಡಲು ಹೋಯಿತು. ನಾನು ಹೋಗಲಿಲ್ಲ. ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದೆ. ಕೀಳುವುದೇನು ಬಂತು, ಎಲೆ ಹಿಡಿದರೆ ಸಾಕು, ಬೇರು ಮಣ್ಣಲ್ಲೇ ಉಳಿದು ಗಡ್ಡೆ ಕೈಗೆ ಬರುತ್ತಿತ್ತು. ಬುಡ ಮೆತ್ತಗೆ, ಬೇರು ಕಂದು ಬಣ್ಣ, ಸಂದಿಯಲ್ಲಿ ಬಿಳಿ ಬೂಸ್ಟು. ಚೆನ್ನಾಗಿ ಕಂಡದ್ದನ್ನು ಆರಿಸಿ ಶೆಡ್ಡಿನಲ್ಲಿ ಹರಡಿದರೆ ಅದೂ ಹದಿನೈದು ದಿನಕ್ಕೆ ನಾರಿತು.

ಕೊಳೆತ ಗಿಡ ಹಿಡಿದುಕೊಂಡು ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಹೋಗುವವರು ಒಂದು ಗಮನಿಸಿ: ಬರೀ ಗಡ್ಡೆ ಒಯ್ಯಬೇಡಿ. ಬೇರು, ಬುಡದ ಮಣ್ಣು ಎಲ್ಲ ಸೇರಿ ನಾಲ್ಕೈದು ಗಿಡ ಒಯ್ಯಿರಿ. ಪಕ್ಕದಲ್ಲೇ ಚೆನ್ನಾಗಿರುವ ಒಂದೆರಡು ಗಿಡವನ್ನೂ ಕಿತ್ತುಕೊಳ್ಳಿ. ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಅಲ್ಲಿಗೆ ಹೋಗುವಷ್ಟರಲ್ಲಿ ಬೆವೆತು, ಯಾವ ರೋಗ ಅಂತ ಯಾರಿಗೂ ಗೊತ್ತಾಗದ ಹಾಗೆ ಕೊಳೆತಿರುತ್ತದೆ. ನಾನು ಮೊದಲ ಸಲ ಹಾಗೇ ಮಾಡಿದ್ದೆ, ಮತ್ತೆ ಹೋಗಬೇಕಾಯಿತು.

ಬುಡ ಕೊಳೆ ರೋಗ ಅಂದರು. ಫ್ಯುಸೇರಿಯಂ ಅನ್ನುವ ಶಿಲೀಂಧ್ರ, ಮಣ್ಣಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ, ಮಣ್ಣು ಬೆಚ್ಚಗಾಗಿ ತೇವ ಇದ್ದರೆ ಎದ್ದು ಬೇರಿಗೆ ನುಗ್ಗುತ್ತದೆ. ಒಂದೇ ಹೊಲಕ್ಕೆ ಪ್ರತಿ ವರ್ಷ ಈರುಳ್ಳಿ ಹಾಕಿದ್ದೇ ತಪ್ಪು, ಯೂರಿಯಾ ಜಾಸ್ತಿ ಸುರಿದದ್ದು ಇನ್ನೊಂದು ತಪ್ಪು. ಒಂದೆರಡು ವರ್ಷ ರಾಗಿ, ಮೆಕ್ಕೆಜೋಳ ಹಾಕಿ. ಮತ್ತೆ ಈರುಳ್ಳಿ ಹಾಕುವಾಗ ಬೇವಿನ ಹಿಂಡಿ, ಟ್ರೈಕೋಡರ್ಮ ಅನ್ನುವ ಉಪಕಾರಿ ಶಿಲೀಂಧ್ರ, ಸೂಡೊಮೊನಾಸ್ ಫ್ಲೋರೆಸೆನ್ಸ್ ಮೊದಲೇ ಮಣ್ಣಿಗೆ ಸೇರಿಸಿ. ರೋಗ ಬಂದ ಮೇಲೆ ಸುರಿದರೆ ಹೆಚ್ಚು ಉಪಯೋಗವಿಲ್ಲ. ಇಷ್ಟು ಹೇಳಿ ಕಳಿಸಿದರು. ಹಾಗೇ ಎರಡು ವರ್ಷ ಬೇರೆ ಬೆಳೆ ಹಾಕಿದೆ. ಆಮೇಲೆ ಈ ಮುಂಗಾರಿಗೆ ಮತ್ತೆ ಈರುಳ್ಳಿ ಅಂತ ತೀರ್ಮಾನ ಮಾಡಿದೆ.

ಅವ್ವನಿಗೆ ಹೇಳಿದಾಗ, "ಇರೋ ಕ್ರಿಮಿ ಸಾಲ್ದು ಅಂತ ದುಡ್ಡು ಕೊಟ್ಟು ಬೇರೆ ತರ್ತೀಯಾ?" ಅಂದಳು. ತಪ್ಪೇನಿಲ್ಲ, ಈರುಳ್ಳಿಯನ್ನು ನಾರುವ ಹಾಗೆ ಕೊಳೆಸುವ ಬ್ಯಾಕ್ಟೀರಿಯಾಗಳೂ ಇವೆ. ಆದರೆ ಸೂಡೊಮೊನಾಸ್ ಕೆಲಸ ಬೇರೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದು ಬೇರಿನ ಮೇಲೆ ಹಾಗೆ ಜಾಗ ಹಿಡಿಯುತ್ತದೆ. ಸುತ್ತಲಿನ ಮಣ್ಣಿನ ಕಬ್ಬಿಣದ ಅಂಶವನ್ನು ಬಾಚಿಕೊಳ್ಳುವ ಸಿಡೆರೋಫೋರ್ ಅನ್ನುವ ವಸ್ತು ಬಿಡುತ್ತದೆ. ಕಬ್ಬಿಣ ಸಿಗದೆ ರೋಗದ ಶಿಲೀಂಧ್ರ ಸೊರಗುತ್ತದೆ. ಶಿಲೀಂಧ್ರಕ್ಕೆ ವಿಷವಾಗುವ ಒಂದೆರಡು ರಾಸಾಯನಿಕವನ್ನೂ ತಾನೇ ತಯಾರಿಸುತ್ತದೆ. ಗಿಡದ ಸ್ವಂತ ರೋಗ ನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತದೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಕೃಷಿ ಕಾಲೇಜಿನಲ್ಲಿ ಸಸ್ಯರೋಗ ಶಾಸ್ತ್ರ ಓದುತ್ತಿರುವ ನಮ್ಮ ಸಂಬಂಧಿಕರ ಹುಡುಗಿ. ಮುಂದೆ ಅವಳ ಹೆಸರಿಲ್ಲದೆ ಅವಳ ಮಾತು ಬಹಳ ಬರುತ್ತದೆ.

ಮೇ ಮೊದಲ ವಾರ ಈ ಪುಡಿಯ ಸಬ್ಸಿಡಿಗೆ ಓಡಾಡಿದೆ. ಒಂದು ಕಚೇರಿಗೆ ಹೋದರೆ, ಈರುಳ್ಳಿ ತೋಟಗಾರಿಕೆ ಬೆಳೆ, ಇಲ್ಲಿ ಅಲ್ಲ ಅಂದರು. ಇನ್ನೊಂದು ಕಚೇರಿಯಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಕೇಳಿದರು. ಎಲ್ಲ ಇತ್ತು. ಪಹಣಿ ಮಾತ್ರ ಇನ್ನೂ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ಆರು ವರ್ಷ. ಪೌತಿ ಖಾತೆ ಮಾಡಿಸದೆ ಹಾಗೇ ಬಿಟ್ಟಿದ್ದು ನಮ್ಮದೇ ಸೋಮಾರಿತನ. ಆ ಸರ್ವೆ ನಂಬರು ನನ್ನ ಐಡಿಗೆ ಸೇರುವುದಿಲ್ಲ ಅಂದರು. ಅಲ್ಲದೆ ಈ ಸಲದ ದಾಸ್ತಾನು ಯಾವಾಗ ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ಮೂರು ದಿನ ಬಸ್ ಚಾರ್ಜು, ಊಟ, ಜೆರಾಕ್ಸ್ ಸೇರಿ 520 ರೂಪಾಯಿ ಹೋಯಿತು. ಎರಡು ಎಕರೆಗೆ ಬೇಕಾದ ಪುಡಿಯಲ್ಲಿ ಉಳಿಯುತ್ತಿದ್ದದ್ದು ಅಷ್ಟೇ ಇರಬೇಕು. ಕಾಗದ ಸರಿ ಇರುವವರು ಖಂಡಿತ ಕೇಳಿ. ಇಲ್ಲದವರು ಬಿತ್ತನೆ ಹತ್ತಿರ ಬಂದಾಗ ಇದರ ಹಿಂದೆ ಬೀಳಬೇಡಿ.

ಸರಿ, ದುಡ್ಡು ಕೊಟ್ಟೇ ತರೋಣ ಅಂತ ಒಂದು ಅಂಗಡಿಗೆ ಹೋದೆ. ಕೇಳಿದ ತಕ್ಷಣ ಎರಡು ಕೆಜಿ ಕೊಟ್ಟರು, 640 ರೂಪಾಯಿ. ಪ್ಯಾಕೆಟ್ ಇಟ್ಟಿದ್ದದ್ದು ಅಂಗಡಿ ಮುಂದಿನ ಕಟ್ಟೆಯ ಮೇಲೆ, ಯೂರಿಯಾ ಚೀಲದ ಪಕ್ಕ. ಮೇ ತಿಂಗಳ ಹಿರಿಯೂರು ಬಿಸಿಲು ಗೊತ್ತಲ್ಲ. ಪ್ಯಾಕೆಟ್ಟು ಬಿಸಿಯಾಗಿತ್ತು. ಆಗ ತಲೆಗೆ ಏನೂ ಹೊಳೆಯಲಿಲ್ಲ. ಮನೆಗೆ ತಂದು ಫೋಟೋ ತೆಗೆದು ಹುಡುಗಿಗೆ ಕಳಿಸಿದೆ. ಅವಳು ಮೊದಲು ಕೇಳಿದ್ದು ಬೆಲೆಯಲ್ಲ, ತಾರೀಖು. ನೋಡಿದರೆ ಅವಧಿ ಮುಗಿಯಲು ಇನ್ನು ಹನ್ನೊಂದು ದಿನ ಇತ್ತು.

"ಅವಧಿ ಇದೆಯಲ್ಲ" ಅಂದೆ. "ನೆರಳಲ್ಲಿ ಇಟ್ಟಿದ್ದರೆ ಮಾತ್ರ" ಅಂದಳು. ಸೂಡೊಮೊನಾಸ್‌ಗೆ ಬೀಜದ ಹಾಗೆ ಗಟ್ಟಿ ಕವಚ ಇಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಇನ್ನೊಂದು ಉಪಕಾರಿ ಬ್ಯಾಕ್ಟೀರಿಯಾ ಕಷ್ಟ ಬಂದರೆ ಗಟ್ಟಿ ಕವಚದೊಳಗೆ ಮುದುಡಿ ಬಹಳ ದಿನ ಬದುಕುತ್ತದೆ. ಇದಕ್ಕೆ ಆ ವಿದ್ಯೆ ಗೊತ್ತಿಲ್ಲ. ಅದನ್ನು ಬೆರೆಸಿ ಮಾರುವ ಟಾಲ್ಕ್ ಪುಡಿಯಲ್ಲಿ ಕೆಲವು ತಿಂಗಳು ಮಾತ್ರ ಇರುತ್ತದೆ, ಬಿಸಿಲಿಗೆ ಇಟ್ಟರೆ ಅದೂ ಇಲ್ಲ.

ಒಂದು ಪೊಟ್ಟಣ ಅವಳಿಗೆ ಕಳಿಸಿದೆ. ಅವಳು ತನ್ನ ಪ್ರಯೋಗಕ್ಕೆ ಹೇಗೂ ಪ್ಲೇಟ್ ಹಾಕುತ್ತಿದ್ದಳು, ಅಂದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಳು, ಜೊತೆಗೆ ಇದನ್ನೂ ಹಾಕಿದಳು. ಎರಡು ದಿನ ಬಿಟ್ಟು ಕಾಲೇಜಿಗೆ ಬಾ ಅಂದಳು. ಹೋದೆ. ಸಣ್ಣ ಗಾಜಿನ ತಟ್ಟೆ, ಒಳಗೆ ತಿಳಿ ಜೆಲ್ಲಿ. ಕಿಂಗ್ಸ್ ಬಿ ಅನ್ನುವ ಆಹಾರವಂತೆ. ಕತ್ತಲೆ ಮಾಡಿ ಅತಿನೇರಳೆ ದೀಪ ಹಾಕಿದಳು. ಅವಳದೇ ತಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹಳದಿ ಹಸಿರು ಬೆಳಕು. ಮಿಂಚುಹುಳ ಕೂತ ಹಾಗೆ. ಫ್ಲೋರೆಸೆನ್ಸ್ ಅನ್ನುವ ಹೆಸರು ಬಂದದ್ದೇ ಈ ಹೊಳಪಿನಿಂದ. ನನ್ನ 640 ರೂಪಾಯಿಯ ತಟ್ಟೆಯಲ್ಲಿ ಬಿಳಿ ಬೂಸ್ಟು ಒಂದು ಮೂಲೆಯಲ್ಲಿ, ಹೊಳೆಯುವುದು ಎರಡು ಚುಕ್ಕೆ. ಪ್ಯಾಕೆಟ್ ಮೇಲೆ ಒಂದು ಗ್ರಾಂನಲ್ಲಿ ಹತ್ತು ಕೋಟಿ ಜೀವಂತ ಕಣ ಅಂತ ಬರೆದಿತ್ತು.

ಅವತ್ತು ನಿಜವಾಗಿ ಬೇಜಾರಾಯಿತು. ದುಡ್ಡಿಗಿಂತ, ಅದನ್ನೇ ಹೊಲಕ್ಕೆ ಹಾಕಿದ್ದರೆ "ಈ ಜೈವಿಕ ಪೈವಿಕ ಎಲ್ಲ ಸುಳ್ಳು" ಅಂತ ನಾನೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆನಲ್ಲ ಅಂತ. ನಮ್ಮೂರಲ್ಲಿ ಹಾಗೆ ಹೇಳುವವರು ಇದ್ದಾರೆ. ಅವರು ಏನು ಹಾಕಿದ್ದರೋ ಯಾರಿಗೆ ಗೊತ್ತು. ಮನೆಗೆ ಬಂದು ಹೇಳಿದರೆ ಅವ್ವ, "ಹಳೇ ಹೆಪ್ಪು ಹಾಕಿದ್ರೆ ಮೊಸರಾಗುತ್ತೇನೋ?" ಅಂದು ಒಳಗೆ ಹೋದಳು.

ಕೊಳ್ಳುವಾಗ ನೋಡಬೇಕಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ತಯಾರಿಸಿದ ತಾರೀಖು ಎರಡು ತಿಂಗಳೊಳಗೆ ಇರಲಿ. ಬ್ಯಾಚ್ ನಂಬರ್, ತಳಿಯ ಹೆಸರು, ಸಿಎಫ್‌ಯು ಅಂದರೆ ಜೀವಂತ ಕಣಗಳ ಎಣಿಕೆ ಇರಬೇಕು. ಸೂಡೊಮೊನಾಸ್‌ಗೆ ಗ್ರಾಂಗೆ ಕನಿಷ್ಠ ಹತ್ತು ಕೋಟಿ, ಟ್ರೈಕೋಡರ್ಮಕ್ಕೆ ಕನಿಷ್ಠ ಇಪ್ಪತ್ತು ಲಕ್ಷ. ರೋಗ ತಡೆಯಲು ಮಾರುವ ಇಂಥವು 1968ರ ಕೀಟನಾಶಕ ಕಾಯ್ದೆಗೆ ಬರುತ್ತವೆ, ಆದ್ದರಿಂದ ನೋಂದಣಿ ಸಂಖ್ಯೆ ಇರಲೇಬೇಕು. ಬರೀ "ಜೈವಿಕ", "ಸಾವಯವ", "ಎಲ್ಲ ರೋಗಕ್ಕೂ ಒಂದೇ ಮದ್ದು" ಅಂತ ಬರೆದ ಹೊಳೆಯುವ ಬಾಟಲಿ ಕೊಟ್ಟರೆ ಸುಮ್ನೆ ಎದ್ದು ಬನ್ನಿ. ರೈಜೋಬಿಯಂ, ಅಜೋಸ್ಪಿರಿಲಂ ಇವೆಲ್ಲ ಜೈವಿಕ ಗೊಬ್ಬರ, ರೋಗದ ಮದ್ದಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಕೂಡ ಒಳ್ಳೆಯದೇ, ಆದರೆ ಅದು ಮುಖ್ಯವಾಗಿ ಪೋಷಕಾಂಶ ಒದಗಿಸಿ ಬೆಳವಣಿಗೆ ಹೆಚ್ಚಿಸುವುದಕ್ಕೆ. ಅಂಗಡಿಯಲ್ಲಿ ಇದನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಮಾತಾಡುತ್ತಾರೆ.

ಎರಡನೇ ಸಲ, ಹುಡುಗಿ ಹೇಳಿದ ಕಡೆ, ಪುಡಿ ತಾವೇ ತಯಾರಿಸುವ ಒಂದು ಘಟಕದಲ್ಲಿ ಕೇಳಿದೆ. ಹೊಸ ಬ್ಯಾಚ್ ಬರಲು ಹನ್ನೆರಡು ದಿನ ಅಂದರು. ಕಾದೆ. ಮೃಗಶಿರ ಮಳೆ ಶುರುವಾಗುವ ಹೊತ್ತು, ಪಕ್ಕದ ಹೊಲದವರು ಆಗಲೇ ಕೂರಿಗೆ ಕಟ್ಟಿದ್ದರು. ಹೊಟ್ಟೆಯೊಳಗೆ ಒಂಥರಾ ಸಂಕಟ. ಹದ ಹೋದರೆ ಬ್ಯಾಕ್ಟೀರಿಯಾ ಇಟ್ಟುಕೊಂಡು ಏನು ಮಾಡಲಿ ಅಂತ. ಕೊನೆಗೆ ಐದು ಕೆಜಿ ಸಿಕ್ಕಿತು, ಕೆಜಿಗೆ 150ರಂತೆ 750 ರೂಪಾಯಿ. ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲವನ್ನು ಮುಂದೆ ಬಾನೆಟ್ ಮೇಲೆ ಇಡಿ ಅಂದರು. ಬೇಡ ಅಂತ ತೊಡೆ ಮೇಲೆ ಇಟ್ಟುಕೊಂಡೆ. ಒಳಗೆ ಏನಿದೆ ಅಂತ ಕೇಳಿದರು. "ಜೀವ ಇದೆ ಸಾರ್" ಅಂದುಬಿಟ್ಟೆ. ಅವರು ಸ್ವಲ್ಪ ದೂರ ಸರಿದು ನಿಂತರು.

ಅದೇ ಸಂಜೆ ಗುಡ್ಡೆ ಹಾಕಿದೆವು. ಮಣ್ಣಿಗೆ ಹಾಕಲು ಹೆಕ್ಟೇರಿಗೆ ಎರಡೂವರೆ ಕೆಜಿ, ಅಂದರೆ ಎಕರೆಗೆ ಒಂದು ಕೆಜಿ ಲೆಕ್ಕ. ಎರಡು ಕೆಜಿ ಪುಡಿಯನ್ನು ಚೆನ್ನಾಗಿ ಕಳಿತ ಎರಡು ಕ್ವಿಂಟಾಲ್ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಬೇವಿನ ಮರದಡಿ ಇಟ್ಟೆವು. ಮೇಲೆ ಒದ್ದೆ ಗೋಣಿಚೀಲ. ದಿನಾ ನೀರು ಚಿಮುಕಿಸುವುದು, ಒಂದು ಸಲ ತಿರುವುವುದು. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ತಿಪ್ಪೆಯಿಂದ ತೆಗೆದ ಹಸಿ ಗೊಬ್ಬರ ಬೇಡ. ಅದು ಒಳಗೆ ಬಿಸಿಯಾಗುತ್ತದೆ, ಕೈ ಇಟ್ಟರೆ ನಮಗೇ ಸುಡುತ್ತದೆ. ಒಂದು ವಾರ ಹಾಗೆ ಇಟ್ಟು, ಎಕರೆಗೆ ನೂರು ಕೆಜಿ ಬೇವಿನ ಹಿಂಡಿ ಜೊತೆ ಸಂಜೆ ಹೊತ್ತು ಹೊಲಕ್ಕೆ ಎರಚಿ ಕುಂಟೆ ಹೊಡೆದೆವು. ಬೆಳಿಗ್ಗೆ ಎರಚಿ ಮಧ್ಯಾಹ್ನದವರೆಗೆ ಬಿಸಿಲಿಗೆ ಬಿಟ್ಟರೆ ಮತ್ತೆ ಅಂಗಡಿ ಕಟ್ಟೆಯ ಕಥೆಯೇ.

ಬೀಜ ಬಳ್ಳಾರಿ ರೆಡ್, ಊರಿನವರದೇ, ಔಷಧಿಯ ಬಣ್ಣ ಬಳಿದಿರಲಿಲ್ಲ. ಕೆಜಿ ಬೀಜಕ್ಕೆ ಹತ್ತು ಗ್ರಾಂ ಪುಡಿ. ಪುಡಿ ಅಂಟಲು ತಣ್ಣಗಾದ ಅನ್ನದ ಗಂಜಿ ಒಂದು ಚೂರು. ಗಂಜಿ ಜಾಸ್ತಿ ಆದರೆ ಈರುಳ್ಳಿ ಬೀಜ ಮುದ್ದೆಯಾಗಿ ಕೂರಿಗೆ ಬಟ್ಟಲಲ್ಲಿ ಇಳಿಯುವುದಿಲ್ಲ. ಮೊದಲ ಕೆಜಿಗೆ ನಮಗೆ ಹಾಗೇ ಆಯಿತು, ಅವ್ವ ಮೊರದಲ್ಲಿ ಹರಡಿ ಒಂದೊಂದೇ ಬಿಡಿಸಿದಳು. ಅರ್ಧ ಗಂಟೆ ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿದೆವು. ಒಂದು ಬದಿಯಲ್ಲಿ ಹತ್ತು ಸಾಲು ಮಾತ್ರ ಏನೂ ಸೇರಿಸದೆ ಬಿಟ್ಟೆ. ಇದು ಹುಡುಗಿಯ ಹಟ. "ಇಲ್ಲಾಂದ್ರೆ ಮಳೆ ಚೆನ್ನಾಗಿತ್ತು ಅಂತೀಯ, ಇಲ್ಲ ಮಳೆ ಕೆಟ್ಟಿತ್ತು ಅಂತೀಯ" ಅಂದಳು.

ಇಲ್ಲಿಂದ ಮುಂದೆ ಕಾಯುವ ಕೆಲಸ. ಕಳೆನಾಶಕ ಹೊಡೆದರೆ ಮೂರು ದಿನಕ್ಕೆ ಕಳೆ ಒಣಗುತ್ತದೆ, ಯೂರಿಯಾ ಕೊಟ್ಟರೆ ವಾರಕ್ಕೆ ಹಸಿರು ಕಾಣುತ್ತದೆ. ಇದಕ್ಕೆ ಏನೂ ಕಾಣುವುದಿಲ್ಲ. ಬದುವಿನ ಮೇಲೆ ಹೋಗುವವರು "ಏನಪ್ಪಾ, ಹೊಲಕ್ಕೆ ಪೌಡರ್ ಹಚ್ಚಿದ್ಯಂತೆ, ಸ್ನೋ ಹಚ್ಚಲಿಲ್ವಾ?" ಅನ್ನುತ್ತಿದ್ದರು. ತಮಾಷೆ ಸರಿಯಾಗೇ ಇತ್ತು. ಅದರಲ್ಲಿರುವುದು ಮುಖದ ಪೌಡರಿನ ಟಾಲ್ಕೇ.

ತಿಂಗಳಾದಾಗ ಇನ್ನೊಂದು ಸಲ ಬುಡಕ್ಕೆ ಕೊಡಬೇಕಿತ್ತು, ಲೀಟರ್ ನೀರಿಗೆ ಹತ್ತು ಗ್ರಾಂ. ಡ್ರಿಪ್ ಇದೆಯಲ್ಲ, ನೀರಿನ ಜೊತೆ ಗೊಬ್ಬರ ಎಳೆದುಕೊಳ್ಳುವ ವೆಂಚುರಿಯಲ್ಲಿ ಬಿಟ್ಟರೆ ಆಯಿತು ಅಂದುಕೊಂಡೆ. ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ ಅನ್ನುವುದು ಆಗ ಗೊತ್ತಾಯಿತು. ಕರೆಂಟು ಬಂದದ್ದು ರಾತ್ರಿ ಹನ್ನೊಂದಕ್ಕೆ. ಹನ್ನೆರಡಕ್ಕೆ ಫಿಲ್ಟರ್ ಕಟ್ಟಿಕೊಂಡಿತು, ಬೆಳಿಗ್ಗೆ ನೋಡಿದರೆ ಮೂರು ಲ್ಯಾಟರಲ್ ಪೈಪಿನ ತೂತುಗಳಲ್ಲಿ ಬಿಳಿ ಕೆಸರು. ಎರಡು ದಿನ ಪಿನ್ನು ಹಿಡಿದು ಕೂತೆ. ಡ್ರಿಪ್ಪಿಗೆ ಬಿಡುವವರು ದ್ರವ ರೂಪದ್ದೇ ಕೇಳಿ ಕೊಳ್ಳಿ. ಪುಡಿಯೇ ಇದ್ದರೆ ರಾತ್ರಿ ನೆನೆಸಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ನಾಜಲ್ ತೆಗೆದ ಪಂಪಿನಲ್ಲಿ ಬುಡಕ್ಕೆ ಬಿಡಿ. ನಾವು ಕೊನೆಗೆ ಇಬ್ಬರು ಆಳು ಕರೆದು ಹಾಗೇ ಮಾಡಿದ್ದು. ಕೂಲಿ 700.

ದೊಡ್ಡ ಎಡವಟ್ಟು ಅದಾಗಿ ನಾಲ್ಕನೇ ದಿನ. ತಮ್ಮ ದಾವಣಗೆರೆಯಿಂದ ರಜಕ್ಕೆ ಬಂದಿದ್ದ. ಅಣ್ಣ ಊರಲ್ಲಿಲ್ಲ, ಸ್ವಲ್ಪ ಕೆಲಸ ಮಾಡಿಕೊಡೋಣ ಅಂತ ಶೆಡ್ಡಿನಲ್ಲಿದ್ದ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಶಿಲೀಂಧ್ರನಾಶಕ ಕಲಸಿ ಅರ್ಧ ಎಕರೆಗೆ ಬುಡ ನೆನೆಯುವ ಹಾಗೆ ಹೊಡೆದಿದ್ದ. ತಾಮ್ರ ಬ್ಯಾಕ್ಟೀರಿಯಾಕ್ಕೆ ವಿಷ. ರೋಗದ್ದು, ಉಪಕಾರಿ ಅಂತ ಭೇದ ಮಾಡುವುದಿಲ್ಲ. ಪಾಪ, ಅವನು ಪ್ರೀತಿಯಿಂದ ಮಾಡಿದ್ದು, ಬೈಯಲು ಬಾಯಿ ಬರಲಿಲ್ಲ. ಹದಿನೈದು ದಿನ ಬಿಟ್ಟು ಅಷ್ಟು ಜಾಗಕ್ಕೆ ಮತ್ತೆ ಪುಡಿ ಕೊಟ್ಟೆ. ಐದು ಕೆಜಿ ತಂದದ್ದು ಒಳ್ಳೆಯದಾಯಿತು. ತಾಮ್ರ ಹೊಡೆದ ಪಂಪು, ಡ್ರಮ್ಮು ಇದಕ್ಕೆ ಬಳಸಲೇಬೇಡಿ, ತೊಳೆದರೂ ಬೇಡ. ನಾನು ಒಂದು ಬಿಂದಿಗೆ ಬೇರೆ ಇಟ್ಟು ಅದರ ಮೇಲೆ ಸುಣ್ಣದಲ್ಲಿ ಗುರುತು ಹಾಕಿದೆ. ಮನೆಯಲ್ಲಿ ಎಲ್ಲರಿಗೂ ಮೊದಲ ದಿನವೇ ಹೇಳಿಡಿ.

ಆಶ್ಲೇಷ ಮಳೆ ಹೊತ್ತಿಗೆ ಒಂದೇ ಸಮನೆ ಜಡಿ. ಎಲೆ ಹಾವಿನ ಹಾಗೆ ಸುತ್ತಿಕೊಳ್ಳತೊಡಗಿತು. ಹಾವು ಸುಳಿ ರೋಗ. ಬ್ಯಾಕ್ಟೀರಿಯಾ ಹಾಕಿದ ಸಾಲಿಗೂ ಬಂತು, ಹಾಕದ ಸಾಲಿಗೂ ಬಂತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಬಬ್ಬೂರು ಫಾರ್ಮ್‌ಗೆ ಹೋಗಿ, ಅವರು ಬರೆದುಕೊಟ್ಟ ಶಿಲೀಂಧ್ರನಾಶಕವನ್ನು ಎಲೆಗೆ ಒಂದು ಸಲ ಹೊಡೆದೆ. ತಾಮ್ರದ್ದು ಬೇಡ ಅಂತ ಮೊದಲೇ ಹೇಳಿದ್ದೆ. ಹಾಗಾಗಿ ನನ್ನದು ಸಾವಯವ ಈರುಳ್ಳಿ ಅಂತ ಹೇಳಿಕೊಳ್ಳುವ ಹಾಗಿಲ್ಲ, ಹೇಳಿಕೊಳ್ಳಬೇಕು ಅನ್ನುವ ಆಸೆಯೂ ಇರಲಿಲ್ಲ. ಬುಡಕ್ಕೆ ಹಾಕಿದ್ದು ಬುಡ ಕಾಯಿತು, ಎಲೆಯನ್ನು ಕಾಯಲಿಲ್ಲ.

ಬುಡ ಕಾಯಿತಾ ಅಂತ ಗೊತ್ತಾಗಿದ್ದು ಹುಬ್ಬೆ ಮಳೆಯಲ್ಲಿ. ಏನೂ ಹಾಕದ ಹತ್ತು ಸಾಲಿನಲ್ಲಿ ತುದಿಯಿಂದ ಹಳದಿಯಾಗುವ ಗಿಡ ದಿನಾ ನಾಲ್ಕೈದು ಹೊಸದು ಕಾಣತೊಡಗಿದವು. ಎಳೆದರೆ 2022ರ ಹಾಗೇ, ಬೇರಿಲ್ಲದ ಗಡ್ಡೆ. ಈ ಕಡೆ ಸಾಲುಗಳಲ್ಲೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಕೀಳುವ ದಿನ ಎರಡೂ ಕಡೆ ನೂರು ನೂರು ಗಡ್ಡೆ ಎಣಿಸಿದೆವು. ಹಾಕದ ಕಡೆ 23 ಕೊಳೆತದ್ದು. ಹಾಕಿದ ಕಡೆ 8. ತಮ್ಮ ತಾಮ್ರ ಹೊಡೆದ ಅರ್ಧ ಎಕರೆಯಲ್ಲಿ ನೂರಕ್ಕೆ 14. ಬೇವಿನ ಹಿಂಡಿ, ಬೆಳೆ ಬದಲಾವಣೆ ಎಷ್ಟು ಸಹಾಯ ಮಾಡಿತು, ಬ್ಯಾಕ್ಟೀರಿಯಾ ಎಷ್ಟು ಮಾಡಿತು ಅಂತ ಬಿಡಿಸಿ ಹೇಳಲು ಒಂದು ಹೊಲ, ಒಂದು ಬೆಳೆ ಸಾಲದು ಅಂತ ಹುಡುಗಿ ಎಚ್ಚರಿಸಿದ್ದಾಳೆ. ಹಾಕದ ಹತ್ತು ಸಾಲಿಗೆ ಹಿಂಡಿಯನ್ನೂ ಹಾಕಿರಲಿಲ್ಲ, ಅದು ನನ್ನ ತಪ್ಪು. ಮುಂದೆ ಯಾರಾದರೂ ಹೀಗೆ ಪಟ್ಟಿ ಬಿಟ್ಟರೆ ಹಿಂಡಿಯನ್ನು ಎರಡೂ ಕಡೆ ಹಾಕಿ, ಪುಡಿಯನ್ನು ಮಾತ್ರ ಒಂದು ಕಡೆ ಬಿಡಿ.

ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಶೆಡ್ಡು. ರೇಟು ನೋಡೋಣ ಅಂತ ನಲವತ್ತು ಚೀಲ ಹರಡಿ ಇಟ್ಟಿದ್ದೆ. ಇಪ್ಪತ್ತೈದು ದಿನ ಆದರೂ ಒಳಗೆ ಹೋದರೆ ಈರುಳ್ಳಿಯ ವಾಸನೆಯೇ ಬರುತ್ತಿತ್ತು, ಕೊಳೆತದ್ದು ಮೂಗಿಗೆ ಹೊಡೆಯಲಿಲ್ಲ. ಕೊಳೆತದ್ದನ್ನು ಆರಿಸಲು ಎರಡು ಸಲ ಕೂತೆವು, ಎರಡೂ ಸಲ ಸೇರಿ ಒಂದು ಚೀಲ ತುಂಬಲಿಲ್ಲ.

ಖರ್ಚು: ಸತ್ತ ಪುಡಿ 640, ಬದುಕಿದ್ದು 750, ಬೇವಿನ ಹಿಂಡಿ ನಾಲ್ಕು ಚೀಲ 4,800, ಬುಡಕ್ಕೆ ಬಿಟ್ಟ ಕೂಲಿ 700, ಓಡಾಟ ಎಲ್ಲ ಸೇರಿ 1,300ರ ಹತ್ತಿರ. ಕೊಟ್ಟಿಗೆ ಗೊಬ್ಬರ ಮನೆಯದು. ಎಲೆಗೆ ಹೊಡೆದ ಔಷಧಿ ಬೇರೆ. ಹಿಂಡಿ ಬಿಟ್ಟರೆ ಉಳಿದದ್ದು ದೊಡ್ಡ ಮೊತ್ತವಲ್ಲ, ಆದರೆ ದಿನಗಳು ಬಹಳ ಹೋದವು. ಮೇ ಮೊದಲೇ ಪುಡಿ ಎಲ್ಲಿ, ಯಾವಾಗ ಹೊಸದು ಬರುತ್ತದೆ ಅಂತ ಫೋನ್ ಮಾಡಿ ಹೆಸರು ಬರೆಸಿಡಿ. ತಂದು ತಿಂಗಳುಗಟ್ಟಲೆ ಮನೆಯಲ್ಲಿ ಇಡಬೇಡಿ.

ಆ ಹೊಲಕ್ಕೆ ಮುಂದಿನ ಮುಂಗಾರಿಗೆ ರಾಗಿ. ಉಳಿದ ಅರ್ಧ ಕೆಜಿ ಪುಡಿಯನ್ನು ಅವ್ವ ಹಿತ್ತಲ ಬದನೆ ಪಾತಿಗೆ ಅಂತ ಮಜ್ಜಿಗೆ ಗಡಿಗೆಯ ಪಕ್ಕ, ತಣ್ಣಗಿರುವ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಸೋಮವಾರ ನಾಡಕಚೇರಿಗೆ ಹೋಗಬೇಕು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಎಲ್ಲ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.